0.1 + 0.2 ಏಕೆ 0.3 ಆಗುವುದಿಲ್ಲ? ಡೇಟಾ ಟೈಪ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಗ್ರಾಮಿಂಗ್ ಪಠ್ಯಗಳಲ್ಲಿ ಡೇಟಾ ಟೈಪ್‌ಗಳಿಗೆ (ಒಂದು ಬೆಲೆ ಪೂರ್ಣಾಂಕವೋ, ದಶಮಾಂಶವೋ, ಅಕ್ಷರಸಾಲೋ ಎಂದು ಹೇಳುವ ಬಗೆಗಳಿಗೆ) ಸಿಗುವುದು ಒಂದು ಕೋಷ್ಟಕ, ನಾಲ್ಕು ಉದಾಹರಣೆ, ಪರೀಕ್ಷೆಯಲ್ಲಿ ಎರಡು ಅಂಕ. ಆ ಕೋಷ್ಟಕ ಹೇಳದೆ ಬಿಟ್ಟ ಸಂಗತಿಗಳು ಮುಂದೆ ಕೆಲಸಕ್ಕೆ ಸೇರಿದ ಮೇಲೆ ಒಂದೊಂದಾಗಿ ಎದುರಾಗುತ್ತವೆ. ವಿದ್ಯಾರ್ಥಿಗಳು, ಬಿಲ್ಲಿಂಗ್ ತಂತ್ರಾಂಶ ಬರೆಯುವವರು, ಎಕ್ಸೆಲ್ ಹಾಳೆಯಲ್ಲಿ ದಾಖಲೆ ತುಂಬುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಒಂದು ಭಾಷೆಯಲ್ಲಿ ಸರಿಯಾದ ಉತ್ತರ ಇನ್ನೊಂದರಲ್ಲಿ ತಪ್ಪಾಗುವುದರಿಂದ ಯಾವ ಭಾಷೆಯ ಮಾತು ಎಂಬುದನ್ನು ಆಯಾ ಕಡೆಯೇ ಹೇಳಿದೆ.

0.1 + 0.2 ಎಂದು ಕೊಟ್ಟರೆ 0.30000000000000004 ಬರುತ್ತದೆ. ಪೈಥಾನ್‌ನಲ್ಲಿ ದೋಷವಿದೆಯೇ?

ಇಲ್ಲ. ಜಾವಾ, ಜಾವಾಸ್ಕ್ರಿಪ್ಟ್, ಸಿ ಎಲ್ಲದರಲ್ಲೂ ಡಬಲ್ (ದಶಮಾಂಶ ಸಂಖ್ಯೆಗಳಿಗಿರುವ ಟೈಪ್) ಬಳಸಿದರೆ ಇದೇ ಮೊತ್ತ ಬರುತ್ತದೆ. ಕೆಲವು ಭಾಷೆಗಳು ಮುದ್ರಿಸುವಾಗ ಬಾಲವನ್ನು ಕತ್ತರಿಸಿ ತೋರಿಸುತ್ತವೆ, ಅಷ್ಟೇ.

ಕಾರಣ ಶಾಲೆಯ ಗಣಿತದಲ್ಲೇ ಇದೆ. ಹತ್ತರ ಪದ್ಧತಿಯಲ್ಲಿ 1/3 ಬರೆಯಲು ಹೊರಟರೆ 0.333… ಎಂದು ಮುಗಿಯದೆ ಸಾಗುತ್ತದೆ, ಏಕೆಂದರೆ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅಪವರ್ತನವಿದ್ದರೆ ದಶಮಾಂಶ ಕೊನೆಗಾಣುವುದಿಲ್ಲ. ಕಂಪ್ಯೂಟರ್ ಬಳಸುವ ಎರಡರ (ದ್ವಿಮಾನ) ಪದ್ಧತಿಯಲ್ಲಿ ನಿಯಮ ಇನ್ನೂ ಬಿಗಿ: ಛೇದದಲ್ಲಿ 2 ಮಾತ್ರ ಇರಬೇಕು. 1/10ರ ಛೇದದಲ್ಲಿ 5 ಕುಳಿತಿರುವುದರಿಂದ ಅದು 0.000110011001100… ಎಂದು ಆವರ್ತಿಸುತ್ತದೆ. ಡಬಲ್‌ಗೆ ಇರುವುದು 53 ಬಿಟ್‌ಗಳ (0 ಅಥವಾ 1 ಹಿಡಿಯುವ ಸ್ಥಾನಗಳ) ನಿಖರತೆ. ಅಲ್ಲಿಗೆ ಕತ್ತರಿಸಿ ದುಂಡಗೆ ಮಾಡಲೇಬೇಕು. ನೀವು 0.1 ಎಂದು ಬರೆದಾಗ ಒಳಗೆ ಕೂರುವುದು 0.1000000000000000055… ಎಂಬ ಸಂಖ್ಯೆ. 0.3 ಎಂದು ಬರೆದಾಗ ಕೂರುವುದು 0.2999999999999999888…. ಒಂದು ತುಸು ಹೆಚ್ಚು, ಇನ್ನೊಂದು ತುಸು ಕಡಿಮೆ ಇರುವಾಗ 0.1 + 0.2ರ ಮೊತ್ತವೂ 0.3 ಕೂಡ ಸಮವೆಂದು ಯಂತ್ರ ಹೇಳುವುದಾದರೂ ಹೇಗೆ?

0.5 + 0.25 ಮಾತ್ರ ಕರಾರುವಾಕ್ಕಾಗಿ 0.75 ಬರುತ್ತದೆ. ಅರ್ಧ, ಕಾಲು, ಅರೆಕಾಲುಗಳಿಗೆ ಈ ತೊಂದರೆ ಇಲ್ಲ. ಆಣೆ ಪಾವಲಿಗಳ ಕಾಲದಲ್ಲಿ ಕಂಪ್ಯೂಟರ್ ಇದ್ದಿದ್ದರೆ ಬಿಲ್ಲಿಂಗ್ ಬರೆಯುವವರಿಗೆ ಎಷ್ಟೋ ತಲೆನೋವು ತಪ್ಪುತ್ತಿತ್ತು. 16 ಆಣೆಯ ರೂಪಾಯಿ ದ್ವಿಮಾನ ಪದ್ಧತಿಗೆ ಹೇಳಿ ಮಾಡಿಸಿದಂತಿತ್ತು.

ಈ ನಡವಳಿಕೆಯನ್ನು ಎಲ್ಲೆಡೆ ಒಂದೇ ಬಗೆಯಾಗಿಸಿದ್ದು 1985ರ ಐಇಇಇ 754 ಮಾನದಂಡ. ಅದರ ಹಿಂದಿನ ಮುಖ್ಯ ವ್ಯಕ್ತಿ ವಿಲಿಯಂ ಕಹಾನ್. 1989ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ಟ್ಯೂರಿಂಗ್ ಪ್ರಶಸ್ತಿ ಬಂತು.

ಹದಿನೇಳನೆಯ ಅಂಕಿಯ ತಪ್ಪಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಒಂದು ಸಲದ ತಪ್ಪಿಗೆ ಯಾರೂ ಇಲ್ಲ. ಅದು ಕೂಡುತ್ತಾ ಹೋಗುವುದು ಸಮಸ್ಯೆ.

1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಸಮಯದಲ್ಲಿ, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. ಸೈನಿಕರ ವಸತಿಯ ಮೇಲೆ ಅದು ಬಿದ್ದು 28 ಮಂದಿ ಸತ್ತರು. ಪೇಟ್ರಿಯಟ್‌ನ ಗಡಿಯಾರ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಅದನ್ನು ಸೆಕೆಂಡಿಗೆ ಬದಲಿಸಲು 1/10ರಿಂದ ಗುಣಿಸುತ್ತಿದ್ದರು, ಆ 1/10 ಇದ್ದದ್ದು 24 ಬಿಟ್‌ಗೆ ಕತ್ತರಿಸಿದ ರೂಪದಲ್ಲಿ. ಅಲ್ಲಿದ್ದದ್ದು ಫ್ಲೋಟ್ (ಡಬಲ್‌ನಂತೆ ಬಿಂದು ಸರಿದಾಡುವ ಸಂಖ್ಯೆ) ಅಲ್ಲ, ಬಿಂದು ಒಂದೆಡೆ ನೆಲೆಯಾದ ಫಿಕ್ಸೆಡ್ ಪಾಯಿಂಟ್. ಆದರೆ ರೋಗ ಅದೇ. ಸುಮಾರು 100 ಗಂಟೆ ನಿಲ್ಲಿಸದೆ ಓಡಿದ ಮೇಲೆ ಗಡಿಯಾರದ ತಪ್ಪು ಸುಮಾರು 0.34 ಸೆಕೆಂಡು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಿಬಿಡುತ್ತದೆ. ಸರಿಪಡಿಸಿದ ತಂತ್ರಾಂಶ ದಹ್ರಾನ್ ತಲುಪಿದ್ದು ಮರುದಿನ.

ಸಾವುನೋವಿಲ್ಲದ ಇನ್ನೊಂದು ಪ್ರಸಂಗ ವ್ಯಾಂಕೂವರ್ ಷೇರುಪೇಟೆಯದು. 1982ರಲ್ಲಿ 1,000ದಿಂದ ಆರಂಭವಾದ ಸೂಚ್ಯಂಕವನ್ನು ಪ್ರತಿ ವಹಿವಾಟಿನ ನಂತರ ಮೂರು ದಶಮಾಂಶ ಸ್ಥಾನಕ್ಕೆ ಇಳಿಸುತ್ತಿದ್ದರು. ದುಂಡಗೆ ಮಾಡುತ್ತಿರಲಿಲ್ಲ, ಉಳಿದದ್ದನ್ನು ಬರೀ ಕತ್ತರಿಸುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 525ರ ಆಸುಪಾಸಿಗೆ ಕುಸಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 1,099.

ಹಾಗಾದರೆ ಹಣವನ್ನು ಯಾವುದರಲ್ಲಿ ಇಡಬೇಕು?

ಫ್ಲೋಟ್‌ನಲ್ಲಿ ಖಂಡಿತ ಬೇಡ. 32 ಬಿಟ್‌ನ ಫ್ಲೋಟ್‌ಗೆ 24 ಬಿಟ್ ನಿಖರತೆ. ಮೊತ್ತ 1,31,072 ರೂಪಾಯಿ ದಾಟಿದ ಕೂಡಲೇ ಅದರಲ್ಲಿ ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ ಒಂದೂವರೆ ಪೈಸೆಗಿಂತ ಹೆಚ್ಚಾಗುತ್ತದೆ, ಅಂದರೆ ಪೈಸೆ ಹಿಡಿಯುವ ಶಕ್ತಿ ಅದಕ್ಕೆ ಇರುವುದಿಲ್ಲ. 1,67,77,216 ದಾಟಿದರೆ ರೂಪಾಯಿಯೂ ತಪ್ಪುತ್ತದೆ: 1,67,77,217 ಎಂದು ಕೊಟ್ಟರೆ ಅದು ಸದ್ದಿಲ್ಲದೆ 1,67,77,216 ಎಂದು ಉಳಿಸಿಕೊಳ್ಳುತ್ತದೆ. ಒಂದೂ ಮುಕ್ಕಾಲು ಕೋಟಿಯ ಮನೆ ಮಾರಾಟಕ್ಕಿರುವ ಊರಿನಲ್ಲಿ ಈ ಮಿತಿ ದೂರದ್ದೇನೂ ಅಲ್ಲ.

ಎರಡು ಒಳ್ಳೆಯ ದಾರಿಗಳಿವೆ. ಒಂದು, ಎಲ್ಲವನ್ನೂ ಪೈಸೆಗೆ ಇಳಿಸಿ ಪೂರ್ಣಾಂಕವಾಗಿ ಇಡುವುದು. ಅದಕ್ಕೆ 64 ಬಿಟ್ ಬೇಕು. 32 ಬಿಟ್‌ನ ಇಂಟ್‌ನಲ್ಲಿ (ಪೂರ್ಣಾಂಕದ ಟೈಪ್‌ನಲ್ಲಿ) ಪೈಸೆ ಲೆಕ್ಕ 2,14,74,836 ರೂಪಾಯಿ 47 ಪೈಸೆಗೆ ಮುಗಿದುಹೋಗುತ್ತದೆ. ಇನ್ನೊಂದು, ಡೇಟಾಬೇಸ್‌ನ ಡೆಸಿಮಲ್, ಜಾವಾದ ಬಿಗ್‌ಡೆಸಿಮಲ್, ಪೈಥಾನ್‌ನ ಡೆಸಿಮಲ್‌ನಂಥ ಹತ್ತರ ಪದ್ಧತಿಯ ಟೈಪ್ ಬಳಸುವುದು. ಅದರಲ್ಲೂ ಒಂದು ಹೊಂಡವಿದೆ: ಬಿಗ್‌ಡೆಸಿಮಲ್‌ಗೆ 0.1 ಎಂಬ ಡಬಲ್ ಕೊಟ್ಟು ಕಟ್ಟಿದರೆ ಅದು ಡಬಲ್‌ನ ಕೊಳೆಯನ್ನೆಲ್ಲ ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ (ಅಕ್ಷರಸಾಲು) ಆಗಿ ಕೊಡಬೇಕು.

ಟೈಪ್ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. 100 ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 33.33, ಒಟ್ಟು 99.99. ಉಳಿದ ಒಂದು ಪೈಸೆ ಯಾರಿಗೆ ಎಂಬುದನ್ನು ಯಾವ ಡೇಟಾ ಟೈಪೂ ತೀರ್ಮಾನಿಸುವುದಿಲ್ಲ. ಲೆಕ್ಕಪತ್ರ ವಿಭಾಗದವರನ್ನು ಕೇಳಿ, ಬರೆದುಕೊಳ್ಳಿ, ಆಮೇಲೆ ಕೋಡ್ ಮಾಡಿ.

ಪೈಥಾನ್‌ನಲ್ಲಿ 2.5 ಅನ್ನು ರೌಂಡ್ ಮಾಡಿದರೆ 2 ಬರುತ್ತದೆ, 3.5 ಅನ್ನು ಮಾಡಿದರೆ 4. ಏನಿದು?

ಸರಿಯಾಗಿ ನಡುವೆ ಬಿದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗುವ ನಿಯಮ ಅದು. ಯಾವಾಗಲೂ ಮೇಲಕ್ಕೇ ಏರಿಸಿದರೆ ದೊಡ್ಡ ಪಟ್ಟಿಯ ಮೊತ್ತ ಒಂದೇ ಕಡೆಗೆ ವಾಲುತ್ತದೆ. ಇದರಲ್ಲಿ ವಾಲುವಿಕೆ ಕಡಿಮೆ. ಜಾವಾಸ್ಕ್ರಿಪ್ಟ್ 2.5ಕ್ಕೆ 3 ಕೊಡುತ್ತದೆ, –2.5ಕ್ಕೆ –2 ಕೊಡುತ್ತದೆ. 2.675 ಅನ್ನು ಎರಡು ಸ್ಥಾನಕ್ಕೆ ಇಳಿಸಿದಾಗ ಪೈಥಾನ್ 2.67 ಎನ್ನುವುದಕ್ಕೆ ಮಾತ್ರ ಕಾರಣ ಬೇರೆ: ಒಳಗಿರುವ ಸಂಖ್ಯೆ 2.675ಕ್ಕಿಂತ ಕೂದಲೆಳೆಯಷ್ಟು ಚಿಕ್ಕದು.

ಇಂಟ್‌ನ ಗರಿಷ್ಠ ಮಿತಿ ಬಾಯಿಪಾಠ ಮಾಡಬೇಕೇ?

ಮಾಡಿದರೆ ಒಳ್ಳೆಯದು: 2147483647. ನಮ್ಮ ಎಣಿಕೆಯಲ್ಲಿ 214 ಕೋಟಿ 74 ಲಕ್ಷ 83 ಸಾವಿರದ 647. ಭಾರತದ ಮೊಬೈಲ್ ಸಂಖ್ಯೆಗಳು ಹತ್ತು ಅಂಕಿಯವು, 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುತ್ತವೆ. ಅಂದರೆ ಅತ್ಯಂತ ಚಿಕ್ಕದೂ 600 ಕೋಟಿ. 32 ಬಿಟ್‌ನ ಇಂಟ್‌ನಲ್ಲಿ ನಮ್ಮ ದೇಶದ ಒಂದೇ ಒಂದು ಮೊಬೈಲ್ ಸಂಖ್ಯೆಯೂ ಹಿಡಿಸುವುದಿಲ್ಲ. ಅನ್‌ಸೈನ್ಡ್ (ಋಣ ಸಂಖ್ಯೆಗಳಿಲ್ಲದ ಟೈಪ್) ಮಾಡಿ ಮಿತಿಯನ್ನು ಇಮ್ಮಡಿಗೊಳಿಸಿದರೂ ಸಾಲದು, ಅದರ ಮಿತಿ 429 ಕೋಟಿ ಚಿಲ್ಲರೆ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಎಲ್ಲರ ಫೋನ್ ಸಂಖ್ಯೆಯೂ 2147483647 ಎಂದು ಕಾಣಿಸುವುದುಂಟು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ ಸಡಿಲ ವ್ಯವಸ್ಥೆ ಮಿತಿ ಮೀರಿದ ಬೆಲೆಯನ್ನು ಮಿತಿಗೇ ಕತ್ತರಿಸಿ ಇಟ್ಟುಕೊಳ್ಳುತ್ತದೆ.

ಮಿತಿ ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ಭಾಷೆಗೊಂದು ಉತ್ತರ. ಜಾವಾದಲ್ಲಿ ಒಂದು ಕೂಡಿದರೆ –2147483648ಕ್ಕೆ ಸುತ್ತಿಕೊಳ್ಳುತ್ತದೆ, ದೂರು ಹೇಳುವುದಿಲ್ಲ. ಪೈಥಾನ್‌ನಲ್ಲಿ ಪೂರ್ಣಾಂಕ ಬೇಕಾದಷ್ಟು ಬೆಳೆಯುತ್ತದೆ. ರಸ್ಟ್‌ನಲ್ಲಿ ಡಿಬಗ್ ಬಿಲ್ಡ್ (ದೋಷ ಹುಡುಕಲು ಕಟ್ಟಿದ ರೂಪ) ಆದರೆ ಪ್ರೋಗ್ರಾಂ ನಿಲ್ಲುತ್ತದೆ, ರಿಲೀಸ್ ಬಿಲ್ಡ್ (ಬಳಕೆದಾರರಿಗೆ ಕೊಡುವ ರೂಪ) ಆದರೆ ಸಾಮಾನ್ಯವಾಗಿ ಸುತ್ತಿಕೊಳ್ಳುತ್ತದೆ. ಸಿ ಭಾಷೆಯಲ್ಲಿ ಸೈನ್ಡ್ (ಋಣ, ಧನ ಎರಡನ್ನೂ ಹಿಡಿಯುವ) ಸಂಖ್ಯೆ ಮಿತಿ ಮೀರಿದರೆ ಏನಾಗಬೇಕೆಂದು ಮಾನದಂಡ ಹೇಳುವುದೇ ಇಲ್ಲ. ಹೀಗಾಗಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) “ಹಾಗೆ ಆಗುವುದೇ ಇಲ್ಲ” ಎಂದು ಭಾವಿಸಿ, ನೀವು ಬರೆದ ಓವರ್‌ಫ್ಲೋ (ಮಿತಿ ಮೀರುವಿಕೆಯ) ತಪಾಸಣೆಯನ್ನೇ ಅಳಿಸಿಹಾಕಬಹುದು.

ಇನ್ನೊಂದು ಮೂಲೆ: ಜಾವಾದಲ್ಲಿ –2147483648ರ ನಿರಪೇಕ್ಷ ಬೆಲೆ ಕೇಳಿದರೆ ಋಣ ಸಂಖ್ಯೆಯೇ ಬರುತ್ತದೆ. ಧನ ಬದಿಯಲ್ಲಿ ಅದಕ್ಕೆ ಜಾಗವಿಲ್ಲ.

ಅಷ್ಟು ದೊಡ್ಡ ಸಂಖ್ಯೆ ನನ್ನ ಪ್ರೋಗ್ರಾಂನಲ್ಲಿ ಬರುವುದೇ ಇಲ್ಲವಲ್ಲ?

ಉತ್ತರ ಚಿಕ್ಕದಿದ್ದರೂ ನಡುವಿನ ಹೆಜ್ಜೆ ದೊಡ್ಡದಾಗಬಹುದು. ಬೈನರಿ ಸರ್ಚ್‌ನಲ್ಲಿ (ಕ್ರಮದಲ್ಲಿರುವ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವಾಗ) ಮಧ್ಯ ಹುಡುಕಲು ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸುತ್ತೇವೆ. ಪಟ್ಟಿಯಲ್ಲಿ 107 ಕೋಟಿಗಿಂತ ಹೆಚ್ಚು ಅಂಶಗಳಿದ್ದರೆ ಆ ಕೂಡುವಿಕೆಯೇ ಮಿತಿ ಮೀರಬಲ್ಲದು. ಜಾವಾದ ಸ್ವಂತ ಗ್ರಂಥಾಲಯದಲ್ಲೇ ಈ ದೋಷ ಸುಮಾರು ಒಂಬತ್ತು ವರ್ಷ ಅಡಗಿತ್ತು. ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಬಹಿರಂಗವಾಗಿ ವಿವರಿಸಿದರು. ಪರಿಹಾರ ಸುಲಭ: ಕೆಳತುದಿಗೆ, ಎರಡರ ಅಂತರದ ಅರ್ಧವನ್ನು ಕೂಡಿ.

ಸಮಯ ಎಣಿಸುವ ಕಡೆಯೂ ಹೀಗೆಯೇ. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಬೋಯಿಂಗ್ 787 ಬಗ್ಗೆ ಒಂದು ಆದೇಶ ಹೊರಡಿಸಿತು. ವಿದ್ಯುತ್ ಕಡಿತಗೊಳಿಸದೆ 248 ದಿನ ಇಟ್ಟರೆ ಜನರೇಟರ್ ನಿಯಂತ್ರಣ ಘಟಕಗಳ ಎಣಿಕೆ ಮಿತಿ ಮೀರಿ, ವಿಮಾನದ ವಿದ್ಯುತ್ ಪೂರೈಕೆಯೇ ನಿಲ್ಲಬಹುದು ಎಂಬುದು ಅದರ ಸಾರ. ಸೆಕೆಂಡಿನ ನೂರನೇ ಭಾಗಗಳನ್ನು 32 ಬಿಟ್‌ನಲ್ಲಿ ಎಣಿಸಿ ನೋಡಿ, ಮಿತಿ ತುಂಬುವುದು 248 ದಿನ ದಾಟಿದಾಗಲೇ. ತಾತ್ಕಾಲಿಕ ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಆಗಾಗ ಆಫ್ ಮಾಡಿ ಆನ್ ಮಾಡುವುದು.

2038ರ ಸಮಸ್ಯೆ ನಿಜವೇ, ಅಥವಾ ಇನ್ನೊಂದು ಗಾಳಿಸುದ್ದಿಯೇ?

ನಿಜ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 32 ಬಿಟ್‌ನ ಸೈನ್ಡ್ ಪೂರ್ಣಾಂಕದಲ್ಲಿ ಇಡುವ ವ್ಯವಸ್ಥೆಗಳಲ್ಲಿ, ಭಾರತೀಯ ಕಾಲಮಾನದ ಪ್ರಕಾರ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಜಾಗ ಮುಗಿಯುತ್ತದೆ. ಮರುಕ್ಷಣ ಆ ಯಂತ್ರದ ಪಾಲಿಗೆ 1901ರ ಡಿಸೆಂಬರ್. ಇನ್ನೂ ದೂರವಿದೆ ಎನ್ನುವವರು 20 ವರ್ಷದ ಗೃಹಸಾಲದ ಕೊನೆಯ ಕಂತಿನ ದಿನಾಂಕ ನೋಡಲಿ. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಟೈಪ್‌ಗೂ ಇದೇ ಮಿತಿ ಇದೆ. ಮುಂದಿನ ದಿನಾಂಕಗಳಿಗೆ ಡೇಟ್‌ಟೈಮ್ ಬಳಸಿ.

ಫೋನ್, ಪಿನ್ ಕೋಡ್, ಖಾತೆ ಸಂಖ್ಯೆ ಇವೆಲ್ಲ ಸಂಖ್ಯೆಗಳೇ ತಾನೇ? ಸ್ಟ್ರಿಂಗ್ ಏಕೆ ಮಾಡಬೇಕು?

ಎರಡು ಪಿನ್ ಕೋಡ್‌ಗಳನ್ನು ಕೂಡುವ, ಆಧಾರ್ ಸಂಖ್ಯೆಯ ಸರಾಸರಿ ತೆಗೆಯುವ ಕೆಲಸ ಯಾರಿಗಾದರೂ ಬಿದ್ದಿದೆಯೇ? ಲೆಕ್ಕಕ್ಕೆ ಬಾರದ ಅಂಕಿಸಾಲು ಸಂಖ್ಯೆಯಲ್ಲ, ಗುರುತು. ಅದನ್ನು ಸ್ಟ್ರಿಂಗ್ ಆಗಿಯೇ ಇಡಿ.

ಇಡದಿದ್ದರೆ ಮೊದಲು ಹೋಗುವುದು ಮುಂದಿನ ಸೊನ್ನೆ. 0ಯಿಂದ ಆರಂಭವಾಗುವ ಬ್ಯಾಂಕ್ ಖಾತೆ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಸೊನ್ನೆ ಮಾಯ. ಎಕ್ಸೆಲ್ ಉಳಿಸಿಕೊಳ್ಳುವುದು 15 ಅಂಕಿ ಮಾತ್ರ, ಹೀಗಾಗಿ 16 ಅಂಕಿಯ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ 0 ಆಗುತ್ತದೆ. ಆಮೇಲೆ ಕೋಶವನ್ನು ಟೆಕ್ಸ್ಟ್ ಎಂದು ಬದಲಿಸಿದರೂ ಕಳೆದದ್ದು ಮರಳುವುದಿಲ್ಲ.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮುಂದಿನ ಸೊನ್ನೆಗೆ ಬೇರೆಯೇ ಅರ್ಥವಿದೆ. ಸಿ ಮತ್ತು ಜಾವಾದಲ್ಲಿ 0ಯಿಂದ ಆರಂಭವಾದ ಪೂರ್ಣಾಂಕ ಎಂಟರ ಪದ್ಧತಿಯದು: 010 ಎಂದು ಬರೆದರೆ 8. ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಎಂದು ಬರೆದರೆ ಕಂಪೈಲರ್ ತಕರಾರು ತೆಗೆಯುತ್ತದೆ, ಏಕೆಂದರೆ ಎಂಟರ ಪದ್ಧತಿಯಲ್ಲಿ 8 ಎಂಬ ಅಂಕಿಯೇ ಇಲ್ಲ. ಮೈಸೂರಿನ 0821, ಹುಬ್ಬಳ್ಳಿಯ 0836 ಕೂಡ ಹಾಗೆಯೇ. ಇದು ಅದೃಷ್ಟ ಎನ್ನಬೇಕು, ಕನಿಷ್ಠ ತಪ್ಪು ಕಣ್ಣಿಗೆ ಬೀಳುತ್ತದೆ. ಚೆನ್ನೈನ 044 ಬರೆದವರಿಗೆ ಮಾತ್ರ ಯಾವ ಸೂಚನೆಯೂ ಇಲ್ಲದೆ 36 ಸಿಗುತ್ತದೆ.

ಪಹಣಿ ದಾಖಲೆಗಳನ್ನು ಎಕ್ಸೆಲ್‌ಗೆ ಏರಿಸುವವರ ಗೋಳು ಇನ್ನೊಂದು. ಸರ್ವೆ ನಂಬರ್ 12/3 ಎಂದು ಹೊಡೆದರೆ ಅದು ಮಾರ್ಚ್ 12 ಆಗುತ್ತದೆ. ಅದೇ ಕಾಲಮ್‌ನಲ್ಲಿ 145/2 ಯಾವ ದಿನಾಂಕಕ್ಕೂ ಹೊಂದದ ಕಾರಣ ಹಾಗೆಯೇ ಉಳಿಯುತ್ತದೆ. ಅರ್ಧ ದಿನಾಂಕ, ಅರ್ಧ ಅಕ್ಷರ. ತುಂಬುವ ಮುನ್ನವೇ ಇಡೀ ಕಾಲಮ್ ಅನ್ನು ಟೆಕ್ಸ್ಟ್ ಮಾಡಿಕೊಳ್ಳಬೇಕು. ಜೀವವಿಜ್ಞಾನಿಗಳು ಇದೇ ಕಾಟದಿಂದ ಎಷ್ಟು ಬೇಸತ್ತರೆಂದರೆ, ಎಕ್ಸೆಲ್ ಸೆಪ್ಟೆಂಬರ್, ಮಾರ್ಚ್ ಎಂದು ಓದಿಕೊಳ್ಳುತ್ತಿದ್ದ ಮಾನವ ಜೀನ್‌ಗಳ ಸಂಕೇತಗಳನ್ನು ನಾಮಕರಣ ಸಮಿತಿಯೇ ಬದಲಿಸಿತು. ಆ ಮಾರ್ಗಸೂಚಿ ಬಂದದ್ದು 2020ರಲ್ಲಿ. ಆಗ ತಂತ್ರಾಂಶ ಬದಲಾಗಲಿಲ್ಲ, ಜೀನ್‌ನ ಹೆಸರು ಬದಲಾಯಿತು.

ಸರ್ವರ್ ಕಳಿಸಿದ ಐಡಿ ಬ್ರೌಸರ್‌ನಲ್ಲಿ ಬೇರೆಯಾಗಿ ಕಾಣಿಸುತ್ತಿದೆ. ಏಕೆ?

ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳೆಲ್ಲ ಡಬಲ್. 9007199254740991ರವರೆಗೆ ಪೂರ್ಣಾಂಕಗಳು ಸುರಕ್ಷಿತ. ಅದರಾಚೆ 9007199254740992 ಮತ್ತು 9007199254740993 ಎರಡೂ ಸಮವೆಂದು ಅದು ಹೇಳುತ್ತದೆ. ಟ್ವಿಟರ್ 2010ರಲ್ಲಿ 64 ಬಿಟ್‌ನ ಐಡಿಗಳಿಗೆ ಹೊರಳಿದಾಗ ಅದೇ ಐಡಿಯನ್ನು ಸ್ಟ್ರಿಂಗ್ ರೂಪದಲ್ಲೂ ಕಳಿಸಲು ಆರಂಭಿಸಿದ್ದು ಇದಕ್ಕಾಗಿಯೇ. 12 ಅಂಕಿಯ ಆಧಾರ್ ಈ ಮಿತಿಯೊಳಗೇ ಇದೆ, ಆದರೂ ಅದನ್ನು ಸಂಖ್ಯೆ ಮಾಡಬೇಡಿ. ಕಾರಣ ಮೇಲೆ ಹೇಳಿದ್ದೇ.

–7 ಅನ್ನು 2ರಿಂದ ಭಾಗಿಸಿದರೆ –3 ಸರಿಯೇ, –4 ಸರಿಯೇ?

ಎರಡೂ ಸರಿ. ಸಿ ಮತ್ತು ಜಾವಾ ಸೊನ್ನೆಯ ಕಡೆಗೆ ಕತ್ತರಿಸುತ್ತವೆ: ಭಾಗಲಬ್ಧ –3, ಶೇಷ –1. ಪೈಥಾನ್‌ನ ಪೂರ್ಣಾಂಕ ಭಾಗಾಕಾರ ಕೆಳಕ್ಕೆ ಇಳಿಯುತ್ತದೆ: –4, ಶೇಷ 1. “ಎರಡರಿಂದ ಭಾಗಿಸಿದಾಗ ಶೇಷ 1 ಬಂದರೆ ಬೆಸ” ಎಂಬ ತಪಾಸಣೆ ಜಾವಾದಲ್ಲಿ ಋಣ ಸಂಖ್ಯೆಗಳಿಗೆ ಕೈಕೊಡುವುದು ಇಲ್ಲೇ. “ಶೇಷ 0 ಅಲ್ಲದಿದ್ದರೆ ಬೆಸ” ಎಂದು ಬರೆಯಿರಿ.

ಜಾವಾದಲ್ಲಿ ಎರಡು ಇಂಟಿಜರ್‌ಗಳಲ್ಲಿ 127 ಇಟ್ಟರೆ == ನಿಜ ಎನ್ನುತ್ತದೆ, 128 ಇಟ್ಟರೆ ಸುಳ್ಳು ಎನ್ನುತ್ತದೆ!

ದೊಡ್ಡ ಅಕ್ಷರದಿಂದ ಆರಂಭವಾಗುವ ಇಂಟಿಜರ್ ಒಂದು ಆಬ್ಜೆಕ್ಟ್, ಅಂದರೆ ಬೆಲೆಯನ್ನು ಒಳಗಿಟ್ಟುಕೊಂಡ ಪೊಟ್ಟಣ. == ಹೋಲಿಸುವುದು ಬೆಲೆಯನ್ನಲ್ಲ, ಎರಡೂ ಒಂದೇ ಆಬ್ಜೆಕ್ಟ್ ಹೌದೇ ಎಂಬುದನ್ನು. –128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟು ಹಂಚುವುದರಿಂದ ಅಷ್ಟರೊಳಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಪರೀಕ್ಷೆಗೆಂದು ಚಿಕ್ಕ ಸಂಖ್ಯೆಗಳನ್ನೇ ಕೊಡುವ ಅಭ್ಯಾಸವಿರುವವರಿಗೆ ಇದು ಗ್ರಾಹಕರ ಬಳಿ ಹೋದ ಮೇಲೆಯೇ ತಿಳಿಯುವುದು. ಬೆಲೆ ಹೋಲಿಸಲು ಈಕ್ವಲ್ಸ್ ಬಳಸಿ. ಪೈಥಾನ್‌ನಲ್ಲಿ ‘ಈಸ್’ ಬಳಸಿ ಸಂಖ್ಯೆ ಹೋಲಿಸುವವರಿಗೂ ಇದೇ ಮಾತು; ಅಲ್ಲಿ ಮೊದಲೇ ಮಾಡಿಟ್ಟಿರುವುದು ಸಾಮಾನ್ಯವಾಗಿ –5ರಿಂದ 256.

‘ಕರ್ನಾಟಕ’ದ ಉದ್ದ ಕೇಳಿದರೆ ಪ್ರೋಗ್ರಾಂ 7 ಎನ್ನುತ್ತದೆ. ನಾಲ್ಕು ಅಕ್ಷರ ತಾನೇ?

ನಮಗೆ ನಾಲ್ಕು, ಯೂನಿಕೋಡ್‌ಗೆ (ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಕೇತ ಕೊಡುವ ಮಾನದಂಡಕ್ಕೆ) ಏಳು: ಕ, ರ, ಅರ್ಧಾಕ್ಷರದ ಚಿಹ್ನೆ (್), ನ, ಆ-ಕಾರದ ಚಿಹ್ನೆ, ಟ, ಕ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರೂ 7 ಎನ್ನುತ್ತವೆ. ಗೋ ಭಾಷೆಯಲ್ಲಿ ಕೇಳಿದರೆ 21, ಏಕೆಂದರೆ ಅದು ಎಣಿಸುವುದು ಬೈಟ್‌ಗಳನ್ನು. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಯೂನಿಕೋಡ್‌ನ ‘ಗ್ರಾಫೀಮ್ ಕ್ಲಸ್ಟರ್’ ಎಂಬ ಎಣಿಕೆ ಕಣ್ಣಿಗೆ ಕಾಣುವ ಅಕ್ಷರಕ್ಕೆ ಹತ್ತಿರ, ಆದರೆ ಅದರ ಹಳೆಯ ನಿಯಮಗಳು ಒತ್ತಕ್ಷರವನ್ನು ಒಡೆದು ರ್ ಒಂದು, ನಾ ಇನ್ನೊಂದು ಎಂದು 5 ಹೇಳುತ್ತವೆ.

ಇದರ ಪರಿಣಾಮ ಎಲ್ಲೆಲ್ಲಿ ತಟ್ಟುತ್ತದೆ ನೋಡಿ. ಡೇಟಾಬೇಸ್‌ನಲ್ಲಿ ಹೆಸರಿಗೆ 20 ಬೈಟ್ ಇಟ್ಟಿದ್ದೀರಿ ಎನ್ನೋಣ. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಅಳತೆ ಬೈಟ್‌ನಲ್ಲೇ. ‘ವೆಂಕಟೇಶ್’ ಓದುವವರಿಗೆ ನಾಲ್ಕು ಅಕ್ಷರ, ಯೂನಿಕೋಡ್‌ಗೆ 8 ಸಂಕೇತ, ಬೈಟ್ ಲೆಕ್ಕದಲ್ಲಿ 24. ಹಿಡಿಸುವುದಿಲ್ಲ. ಪ್ರೋಗ್ರಾಂ 20 ಬೈಟ್‌ಗೆ ಕತ್ತರಿಸಿದರೆ ‘ವೆಂಕಟೇ’ ಉಳಿದು ಪಕ್ಕದಲ್ಲಿ ಪ್ರಶ್ನಾರ್ಥಕದ ಕಪ್ಪು ವಜ್ರ ಕಾಣಿಸುತ್ತದೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160, ಕನ್ನಡಕ್ಕೆ 70 ಸಂಕೇತ. ಕಾಲೇಜಿನ ಲ್ಯಾಬ್‌ನಲ್ಲಿ ಬರೆಸುವ ಪ್ಯಾಲಿಂಡ್ರೋಮ್ (ತಿರುಗಿಸಿದರೂ ಅದೇ ಆಗುವ ಪದ) ಪ್ರೋಗ್ರಾಂಗೆ ‘ವಿಕಟಕವಿ’ ಕೊಟ್ಟು ನೋಡಿ. ಅದು ಅಲ್ಲ ಎನ್ನುತ್ತದೆ, ಏಕೆಂದರೆ ತಿರುಗಿಸಿದಾಗ ಕೊನೆಯ ಇ-ಕಾರದ ಚಿಹ್ನೆ ವ್ಯಂಜನವನ್ನು ಬಿಟ್ಟು ಮುಂದೆ ಬಂದು ನಿಲ್ಲುತ್ತದೆ. ಇನ್ನು ‘ಕರ್ನಾಟಕ’ ತಿರುಗಿಸಿದರೆ ‘ಕಟಾನ್ರಕ’.

ಎರಡು ‘ಕೋಲಾರ’ಗಳು ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಹೇಗೆ?

ಓ-ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಬಿಡಿ ಚಿಹ್ನೆಗಳ ಸರಣಿಯಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸವಿಲ್ಲ. ಹೋಲಿಸುವ ಮೊದಲು, ಇನ್ನೂ ಒಳ್ಳೆಯದೆಂದರೆ ಉಳಿಸುವ ಮೊದಲು, ಯೂನಿಕೋಡ್ ನಾರ್ಮಲೈಸೇಷನ್ (ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು) ಮಾಡಿ. ಅದರಿಂದಲೂ ಹೋಗದ ಇನ್ನೊಂದು ಉಪದ್ರವ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ನಡುವೆ ಅದನ್ನು ಇಡುತ್ತೇವೆ. ಒಬ್ಬರು ಇಟ್ಟು, ಇನ್ನೊಬ್ಬರು ಬಿಟ್ಟರೆ ಹುಡುಕಾಟದಲ್ಲಿ ಸಿಗುವುದಿಲ್ಲ. ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಟೈಪಾದ ಕಡತಗಳ ಮಾತಂತೂ ಬೇಡ. ಅವುಗಳೊಳಗೆ ಇರುವುದು ಲ್ಯಾಟಿನ್ ಸಂಕೇತಗಳು, ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ. ಮೊದಲು ಪರಿವರ್ತಿಸಿ, ಉಳಿದದ್ದು ಆಮೇಲೆ.

ಕನ್ನಡ ಅಂಕಿಗಳನ್ನು ಪ್ರೋಗ್ರಾಂ ಸಂಖ್ಯೆಯೆಂದು ಒಪ್ಪುತ್ತದೆಯೇ?

ಬಹಳ ಜನಕ್ಕೆ ಅಚ್ಚರಿಯಾಗುವ ಉತ್ತರ: ಪೈಥಾನ್ ಒಪ್ಪುತ್ತದೆ. ‘೧೨೩’ ಎಂಬ ಸ್ಟ್ರಿಂಗ್ ಅನ್ನು ಇಂಟ್‌ಗೆ ಕೊಟ್ಟರೆ 123 ಬರುತ್ತದೆ. ಜಾವಾದ ಪಾರ್ಸ್‌ಇಂಟ್ ಸಹ ಒಪ್ಪುತ್ತದೆ. ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ, ನ್ಯಾನ್ (‘ಸಂಖ್ಯೆಯಲ್ಲ’) ಎನ್ನುತ್ತದೆ. ಸಂತೋಷಪಡುವ ಮೊದಲು ಅಪಾಯವನ್ನೂ ಗಮನಿಸಿ: ಪೈಥಾನ್‌ನಲ್ಲಿ “ಹತ್ತು ಅಂಕಿ ಇದೆಯೇ” ಎಂದು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ (ಅಕ್ಷರಸಾಲಿನ ಮಾದರಿ ಹೇಳುವ ಸೂತ್ರದಿಂದ) ಪರೀಕ್ಷಿಸಿದರೆ ಅರ್ಧ ಕನ್ನಡ, ಅರ್ಧ ದೇವನಾಗರಿ ಅಂಕಿಗಳ ಫೋನ್ ಸಂಖ್ಯೆಯೂ ಪಾಸಾಗುತ್ತದೆ. ಮುಂದೆ ಎಸ್‌ಎಂಎಸ್ ಕಳಿಸುವ ಹಂತದಲ್ಲಿ ಅದು ಮುಗ್ಗರಿಸುತ್ತದೆ. ಮೇಲೆ ಬರೆಯುವ ² ಚಿಹ್ನೆ ಇನ್ನೂ ತಮಾಷೆಯದು: ಅಂಕಿಯೇ ಎಂದು ಇಸ್‌ಡಿಜಿಟ್‌ನಿಂದ ಕೇಳಿದರೆ ಹೌದು, ಇಂಟ್ ಮಾಡಿದರೆ ದೋಷ.

ಕನ್ನಡ ಸರಿಯಾಗಿ ಉಳಿಯುತ್ತದೆ, ಎಮೋಜಿ ಹಾಕಿದರೆ ಮಾತ್ರ ಮೈಎಸ್‌ಕ್ಯೂಎಲ್ ತಿರಸ್ಕರಿಸುತ್ತದೆ.

ಅದರ ಹಳೆಯ ‘ಯುಟಿಎಫ್8’ ಹೆಸರಿಗೆ ಮಾತ್ರ ಯುಟಿಎಫ್-8. ಒಂದು ಸಂಕೇತಕ್ಕೆ 3 ಬೈಟ್ ಮೀರುವುದಿಲ್ಲ. ಕನ್ನಡಕ್ಕೆ 3 ಸಾಕು, ಎಮೋಜಿಗೆ 4 ಬೇಕು. ‘ಯುಟಿಎಫ್8ಎಂಬಿ4’ ಆರಿಸಿ.

‘ಫಾಲ್ಸ್’ ಎಂದು ಕಳಿಸಿದರೂ ಪ್ರೋಗ್ರಾಂ ನಿಜ ಎಂದುಕೊಳ್ಳುತ್ತದೆ.

ಫಾರ್ಮ್‌ನಿಂದ ಬಂದದ್ದು ಸ್ಟ್ರಿಂಗ್. ಪೈಥಾನ್‌ನಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ಖಾಲಿಯಲ್ಲದ ಸ್ಟ್ರಿಂಗ್ ಎಂದರೆ ನಿಜ. ಒಳಗೆ ಏನು ಬರೆದಿದೆ ಎಂದು ಯಾರೂ ಓದುವುದಿಲ್ಲ. ಪೈಥಾನ್‌ನಲ್ಲಿ ಬೂಲಿಯನ್ (ನಿಜ, ಸುಳ್ಳುಗಳ ಟೈಪ್) ಪೂರ್ಣಾಂಕದ ಉಪಜಾತಿ, ಹೀಗಾಗಿ ನಿಜ + ನಿಜ = 2. ತಂತ್ರಾಂಶದ ಸೆಟ್ಟಿಂಗ್‌ಗಳನ್ನು ಬರೆದಿಡುವ ಯಾಮಲ್ ಕಡತಗಳಲ್ಲಿ ಇದಕ್ಕೆ ತದ್ವಿರುದ್ಧ ಅತಿಜಾಣತನ: ಅದರ 1.1ನೇ ಆವೃತ್ತಿಯಲ್ಲಿ ನಾರ್ವೆ ದೇಶದ ಎರಡಕ್ಷರದ ಸಂಕೇತ ‘ಎನ್‌ಒ’ ಬರೆದರೆ ಅದು ‘ಇಲ್ಲ’ ಎಂಬ ಬೂಲಿಯನ್ ಆಗಿಬಿಡುತ್ತದೆ. ಉದ್ಧರಣ ಚಿಹ್ನೆ ಹಾಕುವ ಅಭ್ಯಾಸ ಒಳ್ಳೆಯದು.

ನ್ಯಾನ್ ತನಗೆ ತಾನೇ ಸಮವಲ್ಲ ಎನ್ನುತ್ತಾರಲ್ಲ?

ಹೌದು, ಐಇಇಇ 754ರ ನಿಯಮವೇ ಹಾಗಿದೆ. ಆದ್ದರಿಂದ == ಬಳಸಿ ನ್ಯಾನ್ ಹುಡುಕಲಾಗದು, ಅದಕ್ಕೆಂದೇ ಇರುವ ಫಂಕ್ಷನ್ ಬೇಕು. ಒಂದು ನ್ಯಾನ್ ಸೇರಿದರೆ ಇಡೀ ಮೊತ್ತ ನ್ಯಾನ್. ಪೈಥಾನ್‌ನಲ್ಲಿ ಕೋಷ್ಟಕಗಳಿಗೆಂದು ಪಾಂಡಾಸ್ ಬಳಸುವವರಿಗೆ ಇದು ಬೇರೆ ವೇಷದಲ್ಲಿ ಎದುರಾಗುತ್ತದೆ: ಪೂರ್ಣಾಂಕಗಳ ಕಾಲಮ್‌ನಲ್ಲಿ ಒಂದೇ ಒಂದು ಖಾಲಿ ಜಾಗವಿದ್ದರೂ, ಆ ಖಾಲಿಯನ್ನು ನ್ಯಾನ್ ಆಗಿ ಹಿಡಿಯಲು ಇಡೀ ಕಾಲಮ್ ಫ್ಲೋಟ್ ಆಗುತ್ತದೆ. ಕಡತವಾಗಿ ಉಳಿಸಿದಾಗ ಪ್ರತಿ ಫೋನ್ ಸಂಖ್ಯೆಯ ಹಿಂದೆಯೂ .0 ಬಾಲ.

ಡೇಟಾಬೇಸ್‌ನ ನಲ್ ಎಂದರೆ ಖಾಲಿ ಎಂದಲ್ಲವೇ?

‘ಗೊತ್ತಿಲ್ಲ’ ಎಂದು ಓದಿಕೊಂಡರೆ ಅದರ ನಡವಳಿಕೆ ಅರ್ಥವಾಗುತ್ತದೆ. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮವೇ? ಅದೂ ಗೊತ್ತಿಲ್ಲ. ಹೀಗಾಗಿ ‘ಈ ಪಟ್ಟಿಯಲ್ಲಿ ಇಲ್ಲದ್ದನ್ನು ಕೊಡು’ ಎಂದು ಕೇಳುವ ‘ನಾಟ್ ಇನ್’ ಪಟ್ಟಿಯೊಳಗೆ ಒಂದು ನಲ್ ಸೇರಿಕೊಂಡರೆ ಪ್ರಶ್ನೆಗೆ ಒಂದು ಸಾಲೂ ಉತ್ತರವಾಗಿ ಬರುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಎರಡು ಲಂಬ ಗೆರೆಗಳ (||) ಚಿಹ್ನೆಯಿಂದ ಹೆಸರಿಗೆ ನಲ್ ಉಪನಾಮ ಜೋಡಿಸಿದರೆ ಪೂರ್ತಿ ಹೆಸರೇ ನಲ್. ಇನಿಷಿಯಲ್ ಮಾತ್ರ ಇರುವ, ಉಪನಾಮವೇ ಇಲ್ಲದ ಹೆಸರುಗಳು ನಮ್ಮ ಕಡೆ ಬೇಕಾದಷ್ಟಿವೆ, ಆದ್ದರಿಂದ ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ. ಒರಾಕಲ್ ಖಾಲಿ ಸ್ಟ್ರಿಂಗ್ ಅನ್ನೂ ನಲ್ ಎಂದೇ ಎಣಿಸುತ್ತದೆ.

ಪ್ರೋಗ್ರಾಮಿಂಗ್ ಭಾಷೆಗಳಿಗೆ ನಲ್ ಉಲ್ಲೇಖ (ಯಾವುದನ್ನೂ ತೋರಿಸದ ಸೂಚಕ) ತಂದದ್ದು ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, 1965ರಲ್ಲಿ, ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ. 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಎಂದು ಕರೆದರು.

ವಯಸ್ಸು, ಎಣಿಕೆ ಇವು ಋಣ ಆಗುವುದಿಲ್ಲ. ಅನ್‌ಸೈನ್ಡ್ ಬಳಸುವುದು ಸುರಕ್ಷಿತವೇ?

ಸಿ ಭಾಷೆಯಲ್ಲಿ ನನಗೆ ಅದರ ಮೇಲೆ ಭರವಸೆ ಇಲ್ಲ. ಸೈನ್ಡ್ –1 ಅನ್ನು ಅನ್‌ಸೈನ್ಡ್ 1ರೊಂದಿಗೆ ಹೋಲಿಸಿದರೆ –1 ದೊಡ್ಡದು ಎನ್ನುತ್ತದೆ. “ಸೊನ್ನೆಗಿಂತ ದೊಡ್ಡದು ಅಥವಾ ಸಮ ಇರುವವರೆಗೆ ಇಳಿಸು” ಎಂಬ ಲೂಪ್ ಎಂದೂ ಮುಗಿಯುವುದಿಲ್ಲ. ಈ ವಿಷಯಕ್ಕೆ ಎಲ್ಲರೂ ಕೊಡುವ ಉದಾಹರಣೆಯೊಂದಿದೆ: ಸಿವಿಲೈಸೇಷನ್ ಎಂಬ ಕಂಪ್ಯೂಟರ್ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆ 1ರಿಂದ 2 ಕಳೆದು 255 ಆಗಿ, ಅವರು ಅಣುಬಾಂಬ್ ಹಾಕತೊಡಗಿದರಂತೆ. ಕಥೆ ಸೊಗಸಾಗಿದೆ, ಆದರೆ ನಡೆದದ್ದಲ್ಲ. ಆಟದ ಕರ್ತೃ ಸಿಡ್ ಮೇಯರ್ ಅವರೇ 2020ರಲ್ಲಿ ಅದನ್ನು ಅಲ್ಲಗಳೆದಿದ್ದಾರೆ.

ಟೈಪ್ ನಿಯಮ ಬಿಗಿಯಾಗಿರುವ ಭಾಷೆ ಆರಿಸಿದರೆ ಇವೆಲ್ಲ ತಪ್ಪುತ್ತವೆಯೇ?

ಅರ್ಧದಷ್ಟು ತಪ್ಪುತ್ತವೆ. ಉಳಿದರ್ಧಕ್ಕೆ 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿದ ಏರಿಯಾನ್ 5 ರಾಕೆಟ್ ಉದಾಹರಣೆ. ಅದರ ದಿಕ್ಸೂಚಕ ತಂತ್ರಾಂಶ ಏಡಾ ಭಾಷೆಯದು, ಟೈಪ್ ವಿಷಯದಲ್ಲಿ ಅದಕ್ಕಿಂತ ಕಟ್ಟುನಿಟ್ಟಿನ ಭಾಷೆಗಳು ಆಗ ವಿರಳ. 64 ಬಿಟ್‌ನ ಫ್ಲೋಟ್ ಒಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸುವ ಕಡೆ ಬೆಲೆ 32,767ನ್ನು ಮೀರಿತು. ಭಾಷೆ ತನ್ನ ಕೆಲಸ ಮಾಡಿತು: ತಪ್ಪು ಹಿಡಿದು ಎಕ್ಸೆಪ್ಷನ್ (ದೋಷದ ಸೂಚನೆ) ಎಸೆಯಿತು. ಅದನ್ನು ಹಿಡಿಯುವ ಕೋಡ್ ಮಾತ್ರ ಬರೆದಿರಲಿಲ್ಲ. ಮೀಸಲು ಕಂಪ್ಯೂಟರ್ ಮೊದಲು ಸ್ಥಗಿತಗೊಂಡಿತು; ಮುಖ್ಯ ಕಂಪ್ಯೂಟರ್‌ನಲ್ಲೂ ಅದೇ ತಂತ್ರಾಂಶವಿದ್ದ ಕಾರಣ ಅದೂ ಅದೇ ಹಾದಿ ಹಿಡಿಯಿತು. ಮುಖ್ಯ ಎಂಜಿನ್ ಹೊತ್ತಿ 40 ಸೆಕೆಂಡು ತುಂಬುವುದರೊಳಗೆ ರಾಕೆಟ್ ನಾಲ್ಕು ಉಪಗ್ರಹಗಳ ಸಮೇತ ಛಿದ್ರವಾಯಿತು.

ಎಂಜಿನಿಯರುಗಳು ಯೋಚಿಸಿರಲಿಲ್ಲ ಎಂದಲ್ಲ. ಅಂಥ ಅಪಾಯವಿರುವ ಏಳು ವೇರಿಯಬಲ್‌ಗಳನ್ನು ಗುರುತಿಸಿ ನಾಲ್ಕಕ್ಕೆ ರಕ್ಷಣೆ ಕೊಟ್ಟಿದ್ದರು. ಪ್ರೊಸೆಸರ್ ಮೇಲಿನ ಹೊರೆಯನ್ನು ಮಿತಿಯಲ್ಲಿಡಬೇಕಿದ್ದರಿಂದ ಉಳಿದ ಮೂರನ್ನು, ಇವು ಮಿತಿ ಮೀರಲಾರವು ಎಂಬ ತರ್ಕದ ಮೇಲೆ, ಹಾಗೆಯೇ ಬಿಟ್ಟರು. ಏರಿಯಾನ್ 4ರ ಮಟ್ಟಿಗೆ ಆ ತರ್ಕ ಸರಿಯಿತ್ತು. ಏರಿಯಾನ್ 5 ಅಡ್ಡ ದಿಕ್ಕಿನಲ್ಲಿ ಅದಕ್ಕಿಂತ ಬಹಳ ಬೇಗ ವೇಗ ಗಳಿಸುತ್ತಿತ್ತು, ಆದರೆ ಆ ಹೊಸ ಪಥದ ಅಂಕಿಗಳನ್ನು ಕೊಟ್ಟು ಈ ತಂತ್ರಾಂಶವನ್ನು ಯಾರೂ ಪರೀಕ್ಷಿಸಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ತಪ್ಪಿದ ಆ ಲೆಕ್ಕ ರಾಕೆಟ್ ನೆಲ ಬಿಡುವ ಮುಂಚಿನ ಹೊಂದಾಣಿಕೆಗೆ ಸೇರಿದ್ದು. ಹಾರಿದ ಮೇಲೆ ಏರಿಯಾನ್ 5ಕ್ಕೆ ಅದರಿಂದ ಯಾವ ಉಪಯೋಗವೂ ಇರಲಿಲ್ಲ. ಹಳೆಯ ರಾಕೆಟ್‌ನ ಅಗತ್ಯಕ್ಕೆಂದು ಹಾರಾಟದ ಮೊದಲ 40 ಸೆಕೆಂಡು ಅದನ್ನು ಚಾಲೂ ಇಟ್ಟಿದ್ದರು.